ದಡಿ ಎಳಿ ಕಡೀಕ

ನೀಲವ್ವ ಅವಸರದಲ್ಲಿ ತಪ್ಪು ಗುಂಡಿ ಒತ್ತಿದಳು, ಆಮೇಲೆ ಗುಟ್ಟಾಗಿ ತಿದ್ದಿ ಕೈ ತೊಳೆದುಕೊಂಡಳು. ಜಮಖಂಡಿಯಲ್ಲಿದ್ದ ನಮ್ಮ ಮುಳುಗಡೆ ಕಚೇರಿಯವರು ಈ ಕಥೆಯನ್ನು ಇಷ್ಟರಲ್ಲೇ ಮುಗಿಸುತ್ತಾರೆ. ಅವಳಿಂದಾಗಿ ನದಿದಂಡೆಯ ಒಂದು ಊರಿನ ಕುರಿಗಾರರ ಮನೆಗಳು ನಿವೇಶನದ ಪಟ್ಟಿಯಿಂದ ಹೊರಗೆ ಬಿದ್ದವು ಎಂದು ಸೇರಿಸುವಷ್ಟರಲ್ಲಿ ಚಹಾ ಬರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ.

ಕಾಲೇಜಿನ ದಿನಗಳಲ್ಲಿ ಜಮಖಂಡಿ, ಮುಧೋಳ, ರಬಕವಿ ಎಂದು ಊರೂರು ತಿರುಗಿ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಮಾಡಿದವನು ನಾನು. ಎಲ್ಲರ ಬಾಯಲ್ಲೂ ಒಂದೇ ಅಳತೆಯಲ್ಲಿ ಬರುವ ಕಥೆಯನ್ನು ನಂಬಬಾರದು ಎನ್ನುವುದನ್ನು ಅಲ್ಲಿ ಕಲಿತೆ. ಈ ಕಥೆಯಲ್ಲಿ ನನ್ನ ತಕರಾರು ಮೊದಲ ಪದದ ಮೇಲೇ ಇದೆ. ಅವಸರ? ನೀಲವ್ವನವರಿಗೆ? ಆ ಹೆಂಗಸು ಎಂಟರ್ ಗುಂಡಿ ಒತ್ತುವ ಮುನ್ನ ಪ್ರತಿಸಲವೂ ಏನು ಮಾಡುತ್ತಿದ್ದರು ಎನ್ನುವುದನ್ನು ನೋಡಿದವರು ಯಾರೂ ಆ ಪದವನ್ನು ಬಳಸಲಾರರು.

ಅವರ ಮೇಜಿನ ಮೇಲೆ, ಕೀಬೋರ್ಡಿನ ಬಲಕ್ಕೆ, ಕುಂಕುಮದ ಡಬ್ಬಿಯಷ್ಟೇ ಚಿಕ್ಕದೊಂದು ತಗಡಿನ ಡಬ್ಬಿ ಇರುತ್ತಿತ್ತು. ಅದರಲ್ಲಿ ಸೋಸಿದ ಬೂದಿ. ತೆರೆಯ ಮೇಲಿನ ಸಾಲನ್ನು ತುಟಿಯಲ್ಲೇ ಒಮ್ಮೆ ಓದಿಕೊಂಡು, ಹೆಬ್ಬೆರಳು ತೋರುಬೆರಳನ್ನು ಬೂದಿಗೆ ತಾಗಿಸಿ, ಎರಡು ಸಲ ಹೊಸೆದು, ಆಮೇಲೆ ಒತ್ತುತ್ತಿದ್ದರು. ಕಚೇರಿಯ ಎಲ್ಲ ಕೀಬೋರ್ಡುಗಳೂ ಕಪ್ಪು. ಅವರದೊಂದರಲ್ಲಿ ಮಾತ್ರ ಎಂಟರ್ ಗುಂಡಿ ಬೂದು ಬಣ್ಣಕ್ಕೆ ತಿರುಗಿತ್ತು. "ಪೂಜಾ ಮಾಡಾಕತ್ತೀರೇನ್ರಿ?" ಎಂದು ನಾನು ಮೊದಲ ವಾರವೇ ಕೆಣಕಿದ್ದೆ. "ಹೂಂ ವಕೀಲಪ್ಪ, ಕಾಯಿ ಒಡಿಯೋದು ನಿನ್ನ ತಲೀ ಮ್ಯಾಲ," ಎಂದಿದ್ದರು. ವಕೀಲಪ್ಪ ಎಂಬ ಹೆಸರು ಆ ದಿನವೇ ನನಗೆ ಅಂಟಿತು.

ಅದು ಪೂಜೆಯಲ್ಲ, ಬನಹಟ್ಟಿಯ ಕಸುಬು. ಮಗ್ಗದ ಮೇಲಿನ ಹಳೆಯ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆಗಳು, ಮುಗಿಯುತ್ತ ಬಂದಾಗ ಅದನ್ನು ಕಿತ್ತೆಸೆಯುವುದಿಲ್ಲ. ಹಳೆಯ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಸಾವಿರಾರು ಎಳೆ. ಆ ಕೆಲಸಕ್ಕೆ ಸಾಂಧಣಿ ಎನ್ನುತ್ತಾರೆ. ಎಲ್ಲ ಕೂಡಿದ ಮೇಲೆ ಮೆಲ್ಲಗೆ ಎಳೆದರೆ ಹೊಸ ಹಾಸು ಮಗ್ಗದೊಳಗೆ ತಾನೇ ಬಂದು ನಿಲ್ಲುತ್ತದೆ. ನೀಲವ್ವ ಹತ್ತು ವರ್ಷದವರಿದ್ದಾಗಿನಿಂದ ಈ ಕೆಲಸ ಮಾಡಿದವರು. ಮನೆಯ ಕೈಮಗ್ಗಗಳು ನಿಂತುಹೋದ ಮೇಲೆ, ನಲವತ್ತು ದಾಟಿದ್ದಾಗ, ರಬಕವಿಯ ಕಂಪ್ಯೂಟರ್ ಕ್ಲಾಸಿಗೆ ಸೇರಿ ಮೀಸೆ ಚಿಗುರುತ್ತಿದ್ದ ಹುಡುಗರ ನಡುವೆ ಕುಳಿತು ಕಲಿತು, ನಮ್ಮ ಕಚೇರಿಗೆ ಗುತ್ತಿಗೆಯ ಆಪರೇಟರ್ ಆಗಿ ಬಂದಿದ್ದರು. ನಾನೂ ಅದೇ ಗುತ್ತಿಗೆಯವನೇ. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಇಪ್ಪತ್ತು ಪಟ್ಟು ತಿಳಿದವನು ಎಂಬ ಭ್ರಮೆಯವನು.

"ಕಂಪ್ಯೂಟರ್ ಏನ್ ಮಹಾ?" ಎನ್ನುತ್ತಿದ್ದರು. "ಇದೂ ಒಂದ್ ಹಾಸ. ಉದ್ದಕ ಕಾಲಮ್ಮು, ಅಡ್ಡಕ ಸಾಲು."

ನಮ್ಮ ಹಾಸು ಮಾತ್ರ ಬಹಳ ದೊಡ್ಡದಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗುವ ಊರುಗಳ ಪ್ರತಿಯೊಂದು ಮನೆ, ಹೊಲ, ಬಾವಿ, ದನದ ಕೊಟ್ಟಿಗೆ, ಬದುವಿನ ಬೇವಿನ ಗಿಡ, ಒಂದೊಂದಕ್ಕೂ ಒಂದೊಂದು ಸಾಲು. ಲಕ್ಷಗಟ್ಟಲೆ ಸಾಲುಗಳ ಒಂದೇ ಟೇಬಲ್ಲು. ಆ ವರ್ಷ ಅದಕ್ಕೆ ಒಂದು ಹೊಸ ಕಾಲಮ್ಮು ಸೇರಿತು: ಈ ಸಾಲಿನ ಕುಟುಂಬ ಯಾವ ಪುನರ್ವಸತಿ ಕೇಂದ್ರಕ್ಕೆ ಹೋಗುತ್ತದೆ ಎನ್ನುವುದರ ನಂಬರು. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಪಟ್ಟಿ ಅಚ್ಚಾಗಿ ಜೀಪು ಹತ್ತಬೇಕು. ಅದರ ಮರು ಸೋಮವಾರ ಊರೂರಲ್ಲಿ ನಿವೇಶನದ ಚೀಟಿ ಎತ್ತುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಚೀಟಿ. ಮಳೆಗಾಲ ಎದುರಿಗೇ ನಿಂತಿತ್ತು. ನೀರು ಚೀಟಿ ಕೇಳುವುದಿಲ್ಲ.

ಕೆಲಸ ಹೇಳಿದ ಸೋಮವಾರವೇ ನಾನು ಎದ್ದು ನಿಂತೆ. ಹಳ್ಳಿಗೆ ತಕ್ಕ ಕೇಂದ್ರದ ನಂಬರನ್ನು ಇಡೀ ಟೇಬಲ್ಲಿಗೆ ತುಂಬಲು ಒಂದೇ ಆಜ್ಞೆ ಸಾಕು ಎಂದು ನಮ್ಮ ಸಾಹೇಬರೆದುರು ವಾದ ಮಂಡಿಸಿದೆ. ಸಾಹೇಬರು ಆ ವರ್ಷ ನಿವೃತ್ತಿಯಾಗುವವರು, ಯಾವುದು ಬೇಗ ಮುಗಿಯುತ್ತದೋ ಅದೇ ಸರಿ ಎನ್ನುವವರು. ತಲೆಯಾಡಿಸಿದರು.

"ಏ ವಕೀಲಪ್ಪ, ಒಮ್ಮಿಗೇ ಎಳೀಬ್ಯಾಡೋ. ಹಾಸ ಹರೀತೈತಿ," ಎಂದರು ನೀಲವ್ವ.

"ನೀಲವ್ವಾರ, ಇದು ಮಗ್ಗ ಅಲ್ರಿ. ಒಂದ್ ಸಲ ಹೇಳಿದ್ರ ಆತು, ಮಷೀನು ತಾನ ಮಾಡ್ತೈತಿ."

"ಮಷೀನು ಮಾಡ್ತೈತಿ, ಖರೆ. ನಡುವ ಕರೆಂಟ್ ಹೋದ್ರ?"

"ಬ್ಯಾಟರಿ ಐತ್ರಿ."

"ಬ್ಯಾಟರಿ ಹೋದ್ರ?"

"ಹಿಂಗ 'ಹೋದ್ರ, ಹೋದ್ರ' ಅನಕೋಂತ ಕುಂತ್ರ ಊರ ಹೋಗ್ತೈತ್ರಿ," ಎಂದೆ. ಸುತ್ತಲಿದ್ದವರು ನಕ್ಕರು. ಸ್ಪರ್ಧೆಯಾಗಿದ್ದರೆ ಅಲ್ಲಿಗೇ ನನಗೆ ಬಹುಮಾನ.

ಹತ್ತೂವರೆಗೆ ಆಜ್ಞೆ ಕೊಟ್ಟೆ. ಹನ್ನೊಂದಕ್ಕೆ ಉಳಿದ ಆಪರೇಟರುಗಳ ತೆರೆಗಳೆಲ್ಲ ಕಲ್ಲಾದವು. ಇಡೀ ಟೇಬಲ್ಲಿಗೆ ನನ್ನ ಆಜ್ಞೆ ಬೀಗ ಹಾಕಿ ಕುಳಿತಿತ್ತು. ಮಧ್ಯಾಹ್ನದ ಹೊತ್ತಿಗೆ ಡಿಸ್ಕು ತುಂಬತೊಡಗಿತು. ಕೆಲಸ ನಡುವೆ ಕೆಟ್ಟರೆ ಹಿಂದಕ್ಕೆ ಹೋಗಲು ಬೇಕೆಂದು ಯಂತ್ರ ಪ್ರತಿ ಸಾಲಿನ ಹಳೆಯ ರೂಪವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ ಏಟಿಗೆ ಲಕ್ಷಗಟ್ಟಲೆ ಸಾಲು ಬದಲಿಸಲು ಹೇಳಿದರೆ ಅಷ್ಟನ್ನೂ ಇಟ್ಟುಕೊಳ್ಳುತ್ತದೆ. ಮೂರು ಗಂಟೆಗೆ ಕರೆಂಟ್ ಹೋಯಿತು. ಮೂರೂಮುಕ್ಕಾಲಿಗೆ ಬ್ಯಾಟರಿ ಹೋಯಿತು. ಕರೆಂಟ್ ಬಂದ ಮೇಲೆ ಯಂತ್ರ ಎದ್ದು, ಮಾಡಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಲು ಕುಳಿತಿತು. ಮಾಡುವುದಕ್ಕಿಂತ ಬಿಚ್ಚುವುದಕ್ಕೆ ಹೆಚ್ಚು ಹೊತ್ತು. ಮಂಗಳವಾರ ಇಡೀ ದಿನ ಅದನ್ನು ನೋಡುತ್ತ ಕುಳಿತೆವು. ನಿಲ್ಲಿಸುವ ಹಾಗಿಲ್ಲ, ಓಡಿಸುವ ಹಾಗಿಲ್ಲ. ಸಾಹೇಬರು ಎರಡು ಸಲ ಬಂದು ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಹೋದರು. ಮಂಗಳವಾರ ಸಂಜೆ ಕಾಲಮ್ಮು ಸೋಮವಾರ ಬೆಳಿಗ್ಗೆ ಇದ್ದ ಹಾಗೆಯೇ ಇತ್ತು. ಖಾಲಿ.

ನೀಲವ್ವ ಹಂಗಿಸಲಿಲ್ಲ. ಅದು ಇನ್ನೂ ಕೆಟ್ಟದ್ದು. ಶೇಂಗಾಹಿಂಡಿ ಹಚ್ಚಿದ ಅರ್ಧ ರೊಟ್ಟಿ ನನ್ನ ಕಡೆ ಸರಿಸಿ, "ತಿನ್ನು. ಹಸಿದ ಹೊಟ್ಟಿ ಭಾಳ ವಾದಾ ಮಾಡ್ತೈತಿ," ಎಂದಷ್ಟೇ ಹೇಳಿದರು.

ಬುಧವಾರ ಅವರು ಕುಳಿತರು. ಮೊದಲು, ಆ ಕಾಲಮ್ಮಿನ ಮೇಲೆ ಕಟ್ಟಿದ್ದ ಹುಡುಕು-ಪಟ್ಟಿಯನ್ನು ಬಿಚ್ಚಿಸಿದರು. ಒಂದೊಂದು ಸಾಲು ಬದಲಾದಾಗಲೂ ಯಂತ್ರ ಆ ಪಟ್ಟಿಯನ್ನೂ ಮತ್ತೆ ಜೋಡಿಸುತ್ತ ಕೂಡುತ್ತಿತ್ತು. "ನೇಯೋ ಮುಂದ ಮಡಚಾಕ ಹೋಗಬಾರದು. ಎಲ್ಲಾ ಮುಗಿದ ಮ್ಯಾಲ ಒಮ್ಮೆ ಮಡಚೂನು." ಆಮೇಲೆ ಸಾಲುಗಳ ಕ್ರಮಸಂಖ್ಯೆ ಹಿಡಿದು ಒಂದು ಸಲಕ್ಕೆ ಕೆಲವೇ ಸಾವಿರ ಸಾಲು. ಬದಲಿಸುವುದು, ಗಟ್ಟಿ ಮಾಡುವುದು, ಎಲ್ಲಿಗೆ ನಿಂತೆವೆಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಮುಂದಿನದಕ್ಕೆ ಹೋಗುವುದು. ಒಂದೊಂದು ಕಂತಿಗೂ ಲಡಿ ಎನ್ನುತ್ತಿದ್ದರು. ಪ್ರತಿ ಲಡಿಗೂ ಬೂದಿ, ಎರಡು ಹೊಸೆತ, ಎಂಟರ್. ಲಡಿಯ ನಡುವಿನ ಸಂದಿನಲ್ಲಿ ಬೇರೆ ಆಪರೇಟರುಗಳ ಕೆಲಸವೂ ನುಸುಳಿಕೊಂಡು ನಡೆಯುತ್ತಿತ್ತು. ಗುರುವಾರ ಎರಡು ಸಲ ಕರೆಂಟ್ ಹೋಯಿತು. ನಾನು ಎದ್ದು ಅವರ ತೆರೆಯ ಕಡೆ ಓಡಿದೆ.

"ಯಾಕ್ ಹಂಗ ಬೆವರ್ತಿ? ಒಂದ್ ಲಡಿ ಹೋತು. ಹಾಸ ಉಳೀತಲ್ಲ," ಎಂದರು.

ಶುಕ್ರವಾರ ಸಂಜೆಗೆ ಟೇಬಲ್ಲಿನ ಮೈಯೆಲ್ಲ ತುಂಬಿತ್ತು. ನಾನು ಒಂದೇ ದಿನದಲ್ಲಿ ಮುಗಿಸುತ್ತೇನೆಂದು ಎರಡು ದಿನ ಹಾಳು ಮಾಡಿದ್ದನ್ನು ಅವರು ಮೂರು ದಿನದಲ್ಲಿ ಮುಗಿಸಿದ್ದರು. ಉಳಿದದ್ದು ಬೀಗದ ಮನೆಗಳು ಮಾತ್ರ.

ಬೀಗದ ಮನೆಗಳೆಂದರೆ ಅನಗವಾಡಿ ಕಡೆಯ ನದಿದಂಡೆಯ ಊರಿನ ಕುರಿಗಾರರವು. ಸರ್ವೆಯವರು ಬೇಸಿಗೆಯಲ್ಲಿ ಬಂದಾಗ ಅವರೆಲ್ಲ ಕುರಿ ಹೊಡೆದುಕೊಂಡು ಹೊರಗಿದ್ದರು. ಬಾಗಿಲಲ್ಲಿ ಬೀಗ ಕಂಡು, ಸರ್ವೆಯವರು ಕಾಗದದಲ್ಲೂ 'ಬೀಗ' ಎಂದು ಬರೆದು ಹೋಗಿದ್ದರು. ಆ ಊರಿನ ಉಳಿದವರು ಮೂರು ಕೇಂದ್ರಗಳಿಗೆ ಹಂಚಿಹೋಗುವವರು. ಇವರದು ಯಾವುದೆಂದು ಇವರೇ ಹೇಳಬೇಕು. ಅವರಲ್ಲಿ ಮಾಳಪ್ಪ ಎನ್ನುವವನೊಬ್ಬ ಆ ವಾರವೆಲ್ಲ ಹೆಗಲಿಗೆ ಕಂಬಳಿ ಹಾಕಿಕೊಂಡು ನಮ್ಮ ಕಿಟಕಿಗೆ ಬಂದು ನಿಲ್ಲುತ್ತಿದ್ದ.

"ಅಕ್ಕಾರ, ನಮ್ಮ ಹೆಸರ ಹತ್ತಿತೇನ್ರಿ?"

"ಯಾವ ಕೇಂದ್ರ ಬೇಕು ಹೇಳೋ ತಮ್ಮಾ, ಈಗ ಹತ್ತಸ್ತೇನಿ."

"ನಾ ಒಬ್ಬಾಂವ ಹೆಂಗ ಹೇಳ್ಲಿರಿ? ಬೀರಪ್ಪ ಎಲ್ಲಿ ಕೂಡ್ತಾನ, ನಾವು ಅಲ್ಲೇ. ಹಿರ್ಯಾರು ಕೂಡಿ ಹೇಳ್ಬೇಕು. ಅವರು ಹುನ್ನೂರ ಹೊಲದಾಗ ಹಟ್ಟಿ ಹಾಕ್ಯಾರ್ರಿ."

ನನಗೆ ತಾಳ್ಮೆ ಇರಲಿಲ್ಲ. "ಮುಳುಗೋ ಮುಂದ ದೇವರನ್ನ ಕೇಳ್ತೀರೇನೋ? ಒಂದ್ ನಂಬರ್ ಹೇಳಿ ಬಿಡು," ಎಂದೆ. ಮಾಳಪ್ಪ ನನ್ನನ್ನು ನೋಡಲಿಲ್ಲ, ನೀಲವ್ವನವರನ್ನೇ ನೋಡುತ್ತ ಹೇಳಿದ: "ಗುಡಿ ಒಂದ ಕಡಿ, ಮನಿ ಒಂದ ಕಡಿ ಆದ್ರ ನಾವು ಯಾರಂತ ಹೇಳೂನ್ರಿ?"

ನೀಲವ್ವನವರಿಗೆ ಇದು ತಟ್ಟನೆ ತಿಳಿಯಿತು. ಸೀರೆಯ ಅಂಚಿಗೆ ನಮ್ಮಲ್ಲಿ ದಡಿ ಎನ್ನುತ್ತಾರೆ. ಸೀರೆಯ ಮೈ ಹತ್ತಿಯದು, ದಡಿ ರೇಷ್ಮೆಯದು. ರೇಷ್ಮೆ ಜಾರುತ್ತದೆ. ಅದಕ್ಕೆ ಸಾಂಧಣಿಯವರು ಮೈಯೆಲ್ಲ ಮುಗಿಸಿ, ದಡಿಯ ಎಳೆಗಳನ್ನು ಕಡೆಗೆ ಒಂದೊಂದನ್ನೇ ನೋಡಿ ನೋಡಿ ಕೂಡಿಸುತ್ತಾರೆ. ಇಷ್ಟರ ಸಲುವಾಗಿ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹುನ್ನೂರಿಗೆ ಹೋಗುವುದೆಂದು ಅವರು ನಿಶ್ಚಯ ಮಾಡಿದರು. ಬಿಚ್ಚಿಟ್ಟ ಹುಡುಕು-ಪಟ್ಟಿಯನ್ನು ಬೆಳಿಗ್ಗೆ ಯಾರಾದರೂ ಮತ್ತೆ ಕಟ್ಟಬೇಕಿತ್ತು. ನೋಟ್‌ಬುಕ್ಕಿನ ಹಾಳೆಯ ತುದಿ ಹರಿದು ತಮ್ಮ ಪಾಸ್‌ವರ್ಡ್ ಬರೆದು ನನ್ನ ಕೈಗಿಟ್ಟರು.

"ಮಡಚೋ ಕೆಲಸ ಅಷ್ಟ ನಿಂದು. ದಡಿ ಎಳಿ ಕಡೀಕ. ಅವನ್ನ ಮುಟ್ಟಬ್ಯಾಡ. ನಾ ಹನ್ನೆರಡಕ್ಕ ಬಂದಿರ್ತೇನಿ."

"ಆತ್ರಿ."

"ಆತ್ರಿ ಅಲ್ಲ. ನನ್ನ ಮಾರಿ ನೋಡಿ ಹೇಳು."

ಮುಖ ನೋಡಿಯೇ ಹೇಳಿದೆ.

ಶನಿವಾರ ಹತ್ತಕ್ಕೆ ಹುಡುಕು-ಪಟ್ಟಿ ಕಟ್ಟಿ ಮುಗಿಸಿದೆ. ಹನ್ನೆರಡಾಯಿತು, ನೀಲವ್ವ ಇಲ್ಲ. ಹನ್ನೆರಡೂವರೆಯಾಯಿತು. ಸಾಹೇಬರು ಅಚ್ಚು ಹಾಕಲು ಹೇಳಿದರು. ಅಚ್ಚಿನ ಪ್ರೋಗ್ರಾಮು ಓಡಿ ಅರ್ಧಕ್ಕೆ ನಿಂತಿತು: ಕಾಲಮ್ಮಿನಲ್ಲಿ ಖಾಲಿ ಜಾಗಗಳಿವೆ, ಮುಂದೆ ಹೋಗುವುದಿಲ್ಲ ಎಂದಿತು. ಜೀಪು ಅಂಗಳದಲ್ಲಿ ಗುರುಗುಟ್ಟುತ್ತಿತ್ತು.

"ಎಷ್ಟ್ ಅದಾವೋ ಖಾಲಿ?"

"ಭಾಳ ಇಲ್ರಿ ಸರ್, ಕುರಬರ ಬೀಗದ ಮನಿ ಅಷ್ಟ. ನೀಲವ್ವಾರು ಹುನ್ನೂರಿಗೆ ಹೋಗ್ಯಾರ, ಈಗ ಬರ್ತಾರ್ರಿ."

"ಜೀಪಿಗೆ ಅಂತೀಯೇನು, ನೀಲವ್ವ ಬರೂತನಕ ನಿಂದ್ರು ಅಂತ? ಮ್ಯಾಲಿಂದ ಫೋನ್ ಮ್ಯಾಲ ಫೋನು. ಸೊನ್ನಿ ಹಾಕು. ಆಮ್ಯಾಲ ತಿದ್ದಾಕ ಬರತೈತಿ."

ಸೊನ್ನೆ ಎಂದರೆ ಅಚ್ಚಿನ ಪ್ರೋಗ್ರಾಮಿನ ಲೆಕ್ಕದಲ್ಲಿ 'ನಿವೇಶನ ಬೇಡ' ಎಂದರ್ಥ. ಅಂಥ ಕುಟುಂಬದ ಹೆಸರನ್ನು ಅದು ಪಟ್ಟಿಗೆ ಹಾಕುವುದೇ ಇಲ್ಲ. ನನಗೆ ಇದು ಗೊತ್ತಿರಲಿಲ್ಲ ಎಂದು ವಾದಿಸಬಲ್ಲೆ. ಹತ್ತು ನಿಮಿಷ ಕೊಟ್ಟರೆ ಕೇಳುವವರನ್ನು ನಂಬಿಸಲೂ ಬಲ್ಲೆ. ಗೊತ್ತಿತ್ತು. ತಿದ್ದಬಹುದಲ್ಲ ಎಂದುಕೊಂಡೆ. ಸಾಹೇಬರು ಬೆನ್ನ ಹಿಂದೆಯೇ ನಿಂತಿದ್ದರು ಎಂದುಕೊಂಡೆ. ಸೋಮವಾರದ ನನ್ನ ಸೋಲು ಅವರಿಗೆ ಮರೆತುಹೋಗಲಿ ಎಂದೂ ಅಂದುಕೊಂಡಿರಬೇಕು. ನೀಲವ್ವನವರ ಹೆಸರಿನಲ್ಲಿ ತೆರೆದಿದ್ದ ತೆರೆಯಲ್ಲಿ ಒಂದು ಸಾಲಿನ ಆಜ್ಞೆ ಬರೆದೆ: ಎಲ್ಲೆಲ್ಲಿ ಖಾಲಿಯೋ ಅಲ್ಲೆಲ್ಲ ಸೊನ್ನೆ. ಬೂದಿ ಡಬ್ಬಿ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಗಿಹೋಯಿತು. ಆ ಟೇಬಲ್ಲಿನ ಮೇಲೆ ನಾನು ಮಾಡಿದ ಕೆಲಸಗಳಲ್ಲೆಲ್ಲ ಅತಿ ವೇಗದ್ದು ಅದೇ.

ಒಂದಕ್ಕೆ ಜೀಪು ಹೋಯಿತು. ಎರಡಕ್ಕೆ ನೀಲವ್ವ ಬಂದರು. ಬಸ್ಸು ಕೆಟ್ಟು ಅರ್ಧ ದಾರಿ ನಡೆದು, ಉಳಿದರ್ಧ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಬಂದಿದ್ದರು. ಸೀರೆ ಮೊಳಕಾಲಿನವರೆಗೆ ಕೆಮ್ಮಣ್ಣು. ಕೈಯಲ್ಲೊಂದು ಕಾಗದ, ಅದರ ಮೇಲೆ ಹಿರಿಯರೆಲ್ಲರ ಹೆಬ್ಬೆಟ್ಟು, ಎಲ್ಲ ಮನೆಗಳಿಗೂ ಒಂದೇ ಕೇಂದ್ರದ ಹೆಸರು. ಅವರ ಹಿಂದೆ ಮಾಳಪ್ಪ. ಆತ ನಗುತ್ತಿದ್ದ. ಆ ವಾರದಲ್ಲಿ ಆತ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ನೀಲವ್ವ ಕುಳಿತು ಟೇಬಲ್ಲು ತೆರೆದರು. ಸೊನ್ನೆಗಳ ಸಾಲನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ನನ್ನ ಕಡೆ ತಿರುಗಲಿಲ್ಲ. ಬೂದಿ ಮುಟ್ಟಿದರು, ಹೊಸೆದರು, ಒಂದೊಂದೇ ಮನೆಗೆ ಸರಿಯಾದ ನಂಬರು ಹಾಕುತ್ತ ಹೋದರು. ಕಡೆಯದು ಮಾಳಪ್ಪನದು.

"ಹತ್ತಿತೇನ್ರಿ ಅಕ್ಕಾರ?"

"ಇದರಾಗ ಹತ್ತೇತಿ ತಮ್ಮಾ," ಎಂದರು. ಆಮೇಲೆ ಸಾಹೇಬರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನ ಮಾತು ನಮಗೆ ಕೇಳಿತು. ಇನ್ನೊಂದು ಹಾಳೆ ಅಚ್ಚು ಹಾಕಿಸಿರಿ, ನಾನೇ ಬಸ್ಸಿನಲ್ಲಿ ಒಯ್ದು ಊರಿನ ಗೋಡೆಗೆ ಹಚ್ಚಿ ಬರುತ್ತೇನೆ ಎಂದು ಅವರು ಬೇಡುತ್ತಿದ್ದರು. ಜೀವಮಾನದಲ್ಲಿ ಯಾರನ್ನೂ ಬೇಡದ ಹೆಂಗಸು. "ಸಹಿ ಆದ ಪಟ್ಟಿ ಮುಗೀತು. ಅರ್ಜಿ ಕೊಡಾಕ ಹೇಳ್ರಿ ಅವರಿಗೆ," ಎಂಬ ಸಾಹೇಬರ ಧ್ವನಿ ಕೇಳಿತು. ಮತ್ತೆ ನೀಲವ್ವನವರ ಧ್ವನಿ. ಮತ್ತೆ ಸಾಹೇಬರ ಅದೇ ಮಾತು.

ಟೇಬಲ್ಲಿನಲ್ಲಿ ಆ ಮನೆಗಳು ಇಂದಿಗೂ ಸರಿಯಾಗಿವೆ. ಸೋಮವಾರ ಚೀಟಿ ಎತ್ತಿದ್ದು ಮಾತ್ರ ಕಾಗದ ನೋಡಿ.

ಮಳೆಗಾಲದಲ್ಲಿ ನೀರು ಬಂತು. ಮಾಳಪ್ಪನ ಕಡೆಯವರು ಬೀರಪ್ಪನ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು, ಬಾಡಗಂಡಿಯ ಕಬ್ಬಿನ ಹೊಲಗಳ ಆಚೆ ಒಂದು ದಿನ್ನೆಯ ಮೇಲೆ ಬೇವಿನ ಗಿಡದ ಕೆಳಗೆ ಇಟ್ಟರು. ಸುತ್ತ ತಗಡು ಕಟ್ಟಿಕೊಂಡು ಕುಳಿತರು. ಅರ್ಜಿ ಕೊಟ್ಟರು, ಮತ್ತೆ ಕೊಟ್ಟರು. ವರ್ಷಗಳಾದ ಮೇಲೆ ಜಾಗ ಸಿಕ್ಕಿತು, ಸಿಗಲಿಲ್ಲವೆಂದಲ್ಲ. ಅಲ್ಲಲ್ಲಿ ಉಳಿದಿದ್ದ ಜಾಗಗಳಲ್ಲಿ, ಮೂರು ಕೇಂದ್ರಗಳಿಗೆ ಹರಿದು.

ಆ ಮಳೆಗಾಲದಲ್ಲೇ, ಅವರ ಮೊದಲ ಅರ್ಜಿಯ ಮೇಲೆ ನಡೆದ ವಿಚಾರಣೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಯಂತ್ರ ಯಾರು ಯಾವಾಗ ಏನು ಮಾಡಿದರೆಂದು ಬರೆದಿಟ್ಟುಕೊಂಡಿರುತ್ತದೆ. ಸೊನ್ನೆ ಹಾಕಿದ್ದೂ ನೀಲವ್ವನವರ ಹೆಸರು, ತಿದ್ದಿದ್ದೂ ನೀಲವ್ವನವರ ಹೆಸರು. ಸಾಹೇಬರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಇದು ನಿಮ್ಮ ಹೆಸರಲ್ಲವೇ?" ಎಂದು ಹೊರಗಿನಿಂದ ಬಂದ ಅಧಿಕಾರಿ ಕೇಳಿದರು.

"ಹೆಸರ ನಂದ ಐತ್ರಿ," ಎಂದರು ನೀಲವ್ವ.

ನಾನು ಬಾಗಿಲಲ್ಲೇ ನಿಂತಿದ್ದೆ. ಅಷ್ಟೊಂದು ವೇದಿಕೆಗಳಲ್ಲಿ ಯಾರದೋ ಪರ, ಯಾರದೋ ವಿರುದ್ಧ ಗಂಟಲು ಹರಿದುಕೊಂಡಿದ್ದ ಬಾಯಿ, ಆಗ ನೀರು ಬೇಕಾ ಎಂದು ಅಧಿಕಾರಿಯನ್ನು ಕೇಳಲು ಮಾತ್ರ ತೆರೆಯಿತು. ತಿಂಗಳ ಕೊನೆಗೆ ನೀಲವ್ವನವರ ಗುತ್ತಿಗೆ ಮುಗಿಯಿತು. ನನ್ನದು ಮುಂದುವರಿಯಿತು.

ಅವರನ್ನು ಮತ್ತೆ ನೋಡಲು ನನಗೆ ಮೂರು ವರ್ಷ ಬೇಕಾದವು. ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ, ಹಗಲು ಹನ್ನೊಂದರ ಗದ್ದಲದಲ್ಲಿ, ನಿಂತ ಮಗ್ಗವೊಂದರ ಹಿಂದೆ ಕುಳಿತು ಸಾಂಧಣಿ ಮಾಡುತ್ತಿದ್ದರು. ಅದೇ ತಗಡಿನ ಡಬ್ಬಿ, ಅದೇ ಬೂದಿ. ಕನ್ನಡಕ ಹೊಸದು.

"ಬಾರೋ ವಕೀಲಪ್ಪ. ಕೂಡು. ಎಳಿ ತುಳೀಬ್ಯಾಡ."

ಕುಳಿತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. "ಹುನ್ನೂರಿನ ಬಸ್ ಟಿಕೀಟ್ ನಿಮ್ಮ ನೋಟ್‌ಬುಕ್ಕಿನ್ಯಾಗ ಇತ್ತಲ್ರಿ," ಎಂದೆ. "ಅದನ್ನ ತೋರ್ಸಿದ್ರ ಸಾಕಿತ್ತು. ಆ ಹೊತ್ತಿಗೆ ನೀವು ಕಚೇರ್ಯಾಗ ಇರಲಿಲ್ಲ ಅಂತ ಸಾಬೀತ ಆಗ್ತಿತ್ತು. ಯಾಕ ತೋರಸ್ಲಿಲ್ರಿ?"

"ತೋರ್ಸಿದ್ರ, ಹಂಗಾರ ಪಾಸ್‌ವರ್ಡ್ ಯಾರ ಕೈಯಾಗ ಕೊಟ್ಟಿದ್ದಿ ಅಂತಿದ್ರು. ಕೊಟ್ಟಾಕಿ ನಾನ ಅಲ್ಲೇನು?" ಬೆರಳು ನಿಲ್ಲಲಿಲ್ಲ. ಹಳೆಯ ಎಳೆ, ಹೊಸ ಎಳೆ, ಹೊಸೆತ. "ಮಡಚಾಕ ಹೇಳಿದವನ ಕೈಯಾಗ ದಡಿ ಬಿಟ್ಟು ಹೋದದ್ದು ನನ್ನ ತಪ್ಪ."

"ನಂದು ತಪ್ಪು ನೀಲವ್ವಾರ."

"ಗೊತ್ತೈತಿ." ಸಿಟ್ಟಿರಲಿಲ್ಲ. ಎಷ್ಟು ಎಳೆ ಉಳಿದಿವೆ ಎಂದು ಹೇಳುವ ಹಾಗೆ ಹೇಳಿದರು.

ಮೈಯ ಬಿಳಿ ಎಳೆಗಳು ಮುಗಿದು ಕೆಂಪು ರೇಷ್ಮೆ ಬಂತು. ಬೆರಳಿಗೆ ಮತ್ತೆ ಬೂದಿ ಹಚ್ಚಿಕೊಂಡರು. ಪಕ್ಕದ ಮಗ್ಗ ನಿಂತಿತು.

"ಮಾಳಪ್ಪ ವರ್ಷಾ ಬರ್ತಾನ," ಎಂದರು. "ಕುರಿ ಉಣ್ಣೆ ತಂದು ಕೊಡ್ತಾನ, ಇಲ್ಲೇ, ನೀ ಕುಂತಲ್ಲೇ ಕೂಡ್ತಾನ. ಬೈಯಾಂಗಿಲ್ಲ. ಒಂದ ಮಾತ ಕೇಳ್ತಾನ, ಪ್ರತಿ ವರ್ಷ ಅದ ಮಾತು. 'ನಮ್ಮ ಮನೀಗಳ ಮುಂದ ಸೊನ್ನಿ ಯಾಕ್ ಹಾಕಿದ್ರು ಅಕ್ಕಾರ?' ಅಂತ."

ಎರಡು ಬೆರಳ ನಡುವೆ ರೇಷ್ಮೆಯ ಎಳೆಯನ್ನು ಹಿಡಿದು, ಹೊಸೆಯದೆ, ಮೊದಲ ಸಲ ನನ್ನ ಮುಖ ನೋಡಿದರು.

"ಮುಂದಿನ ವಾರ ಬರಾಂವ ಅದಾನ. ಏನಂತ ಹೇಳ್ಲಿ ವಕೀಲಪ್ಪ?"